ಸೈಕಲ್‌ಗೆ ಗಾಡಿ ಗುದ್ದಿದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ: ಕೊಡಗಿನ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಸೈಕಲ್ ಅಪಘಾತದ ಕೇಸುಗಳು ಕೈತಪ್ಪುವ ರೀತಿ ಬಹುತೇಕ ಒಂದೇ. ಸವಾರ ಆಸ್ಪತ್ರೆಯ ಹಾಸಿಗೆಯಲ್ಲಿ, ಗಾಡಿಯವರು ಠಾಣೆಯಲ್ಲಿ. “ಸೈಕಲ್‌ನವನೇ ಅಡ್ಡ ಬಂದ” ಅನ್ನುವ ಮಾತು ಮೊದಲು ಕಾಗದಕ್ಕೆ ಹತ್ತುತ್ತದೆ. ಅಷ್ಟೊತ್ತಿಗೆ ಒಂದು ಮಳೆ ಹೊಡೆದು ರಸ್ತೆ ಮೇಲಿನ ಗುರುತುಗಳೆಲ್ಲ ತೊಳೆದುಹೋಗಿರುತ್ತವೆ. ತಿಂಗಳುಗಟ್ಟಲೆ ಬಿಟ್ಟು ವಕೀಲರ ಹತ್ತಿರ ಹೋದಾಗ ಕೈಯಲ್ಲಿ ಆಸ್ಪತ್ರೆ ಬಿಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಇದನ್ನು ತಪ್ಪಿಸಬಹುದು. ಅದಕ್ಕೆ ಕಾನೂನು ಓದಿರಬೇಕಾಗಿಲ್ಲ, ಠಾಣೆಯಲ್ಲಿ ಪರಿಚಯದವರೂ ಬೇಕಾಗಿಲ್ಲ. ಮೊದಲ ಎರಡು ದಿನದ ಕೆಲಸಗಳ ಕ್ರಮ ಗೊತ್ತಿದ್ದರೆ ಸಾಕು. ಗಾಯವಾದವರೇ ಎದ್ದು ಇದನ್ನೆಲ್ಲ ಮಾಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಸವಾರರಿಗಿಂತ ಜಾಸ್ತಿ ಅವರ ಮನೆಯವರು, ಸ್ನೇಹಿತರು, ತೋಟದಲ್ಲಿ ಜೊತೆಗೆ ಕೆಲಸ ಮಾಡುವವರು ಇದನ್ನು ಓದಿಟ್ಟುಕೊಳ್ಳಬೇಕು.

## 1. ಹೊರಡುವ ಮೊದಲೇ ಇರಬೇಕಾದದ್ದು

ಹಿಂದೆ ಕೆಂಪು ಲೈಟ್, ಮುಂದೆ ಬಿಳಿ ಲೈಟ್, ಪೆಡಲ್ ಮತ್ತು ಚಕ್ರಕ್ಕೆ ರಿಫ್ಲೆಕ್ಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಇಳಿದಾಗ ಹಗಲಲ್ಲೂ ಲೈಟ್ ಹಾಕಿ. ಜೀವ ಉಳಿಸುವುದು ಮೊದಲ ಕಾರಣ. ಎರಡನೆಯದು, ಅಪಘಾತವಾದರೆ ಇನ್ಶೂರೆನ್ಸ್ ಕಡೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ “ಸೈಕಲ್‌ಗೆ ಲೈಟ್ ಇತ್ತಾ?” ಅನ್ನುವುದೂ ಒಂದು. ಲೈಟ್ ಹಾಕಿದ ಸೈಕಲ್‌ನ ಫೋಟೊ ಮತ್ತು ಫ್ರೇಮ್ ನಂಬರಿನ ಫೋಟೊ ಈಗಲೇ ತೆಗೆದಿಡಿ.

ಟಾರ್ ಅಂಚಿಗೆ ಅಂಟಿಕೊಂಡು ಹೋಗಬೇಡಿ. ನಮ್ಮ ರಸ್ತೆಗಳ ಅಂಚಿನಲ್ಲಿ ಪಾಚಿ, ಅದರಾಚೆ ಚರಂಡಿ. ಜಾರಿದರೆ ಬೀಳುವುದು ಚರಂಡಿಗೆ ಅಥವಾ ಹಿಂದಿನಿಂದ ಬರುವ ಗಾಡಿಯ ಮುಂದಕ್ಕೆ. ಎರಡು, ಎರಡೂವರೆ ಅಡಿ ಒಳಗೆ ನೇರವಾಗಿ ಹೋಗಿ. ತಿರುವಿನಲ್ಲಿ ಮರದ ಲಾರಿ ಅಥವಾ ಬಸ್ಸಿನ ಒಳಮಗ್ಗುಲಲ್ಲಿ ಯಾವತ್ತೂ ನುಗ್ಗಬೇಡಿ. ಉದ್ದನೆಯ ಗಾಡಿಯ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಸಂಪಾಜೆ, ಮಾಕುಟ್ಟ ಘಾಟಿ ಇಳಿಯುವಾಗ ರಿಮ್ ಒದ್ದೆಯಾಗಿದ್ದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ತಿರುವಿಗೆ ಮೊದಲೇ ಮೆಲ್ಲಗೆ ಒತ್ತಿ ರಿಮ್ ಒರೆಸಿಕೊಳ್ಳಿ.

ಬ್ಯಾಗಿನಲ್ಲಿ ಇಷ್ಟು ಇರಲಿ: 5 ಮೀಟರ್ ಟೇಪ್, ಮಕ್ಕಳು ಬಣ್ಣ ಹಚ್ಚುವ ಮೇಣದ ಕಡ್ಡಿ (ಒದ್ದೆ ಟಾರ್ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ), ಪೆನ್ನು, ರಕ್ತದ ಗುಂಪು ಮತ್ತು ಮನೆಯವರ ನಂಬರ್ ಬರೆದ ಚೀಟಿ.

## 2. ಮೊದಲ ಹತ್ತು ನಿಮಿಷ

ಮೊದಲು ಜೀವ. ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ಬರುವ ಗಾಡಿ ತಡೆಯಿರಿ. 108ಕ್ಕೆ ಆಂಬುಲೆನ್ಸ್, 112ಕ್ಕೆ ಪೊಲೀಸ್, ಎರಡಕ್ಕೂ ಕರೆ ಮಾಡಿ. 112ಕ್ಕೆ ಮಾಡಿದ ಕರೆಯ ಸಮಯ ದಾಖಲಾಗುತ್ತದೆ, ಆಮೇಲೆ ಅದೇ ದೊಡ್ಡ ಆಧಾರ. ಕತ್ತು, ಬೆನ್ನು ನೋವು ಅಂದವರನ್ನು ಎತ್ತಿ ಜೀಪಿಗೆ ಹಾಕಬೇಡಿ. ಹೆಲ್ಮೆಟ್ ಎಳೆದು ತೆಗೆಯಬೇಡಿ.

ಗಾಡಿಯ ನಂಬರ್, ಡ್ರೈವರ್ ಸೀಟಿನಲ್ಲಿದ್ದವರ ಮುಖ, ಗಾಡಿ ನಿಂತ ಜಾಗ, ಈ ಮೂರರ ಫೋಟೊ ತಕ್ಷಣ ತೆಗೆಯಿರಿ. ಡ್ರೈವರ್ ಯಾರು ಅನ್ನುವುದು ಯಾಕೆ ಮುಖ್ಯ ಅಂದರೆ, ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ಸಂಜೆಯೊಳಗೆ ಲೈಸೆನ್ಸ್ ಇರುವ ಬೇರೊಬ್ಬರು ಬಂದು “ನಾನೇ ಓಡಿಸ್ತಿದ್ದೆ” ಅನ್ನುವುದು ಉಂಟು.

ಡ್ರೈವರ್ ಮೇಲೆ ಕೈ ಮಾಡಬೇಡಿ, ಬೇರೆಯವರು ಮಾಡಲೂ ಬಿಡಬೇಡಿ. ಹೊಡೆಯಲು ಹೋದರೆ ಡ್ರೈವರ್ ಓಡಿಹೋಗುತ್ತಾನೆ, ಆಮೇಲೆ “ಹೆದರಿ ಓಡಿದೆ” ಅನ್ನುವುದಕ್ಕೆ ಕಾರಣವೂ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಪೊಲೀಸರಿಗೆ ತಿಳಿಸುವುದು ಡ್ರೈವರ್‌ನ ಕರ್ತವ್ಯ. ಅದನ್ನು ಮಾಡಲು ಅವನಿಗೆ ಅವಕಾಶ ಇರಲಿ.

ದಾರಿಹೋಕರು ಸಾಕ್ಷಿ ಹೇಳಲು ಹೆದರುತ್ತಾರೆ. ಗಾಯಾಳುವಿಗೆ ಸಹಾಯ ಮಾಡಿದವರಿಗೆ ಅದೇ ಕಾಯ್ದೆಯ 134ಎ ಕಲಂ ರಕ್ಷಣೆ ಕೊಟ್ಟಿದೆ. ಆಸ್ಪತ್ರೆಗೆ ಸೇರಿಸಿದ ಮಾತ್ರಕ್ಕೆ ಹೆಸರು, ವಿಳಾಸ ಕೊಡಲೇಬೇಕು ಅಂತಿಲ್ಲ. ಇದನ್ನು ಅವರಿಗೆ ಹೇಳಿ, ಆಮೇಲೆ ಫೋನ್ ನಂಬರ್ ಕೇಳಿ. ಹಿಂದೆ ಬಂದ ಬಸ್ಸಿನ ಕಂಡಕ್ಟರ್, ಹತ್ತಿರದ ಅಂಗಡಿಯವರು, ಲೈನ್‌ಮನೆಯವರು, ಹೀಗೆ ಕನಿಷ್ಠ ಇಬ್ಬರದ್ದು ಸಿಗಲಿ.

## 3. ಜಾಗದ ಫೋಟೊ ಮತ್ತು ಅಳತೆ

ಜನ ಹೆಚ್ಚು ತಪ್ಪು ಮಾಡುವುದು ಇಲ್ಲಿ. ಸೈಕಲ್ ಬಗ್ಗಿದ ಕಡೆ, ರಕ್ತ ಬಿದ್ದ ಕಡೆ ಹತ್ತಿಪ್ಪತ್ತು ಕ್ಲೋಸಪ್ ತೆಗೆಯುತ್ತಾರೆ. ಅದು ರಸ್ತೆಯ ಯಾವ ಜಾಗ ಅಂತ ಒಂದರಲ್ಲೂ ಗೊತ್ತಾಗುವುದಿಲ್ಲ.

ದೂರದಿಂದ ಶುರು ಮಾಡಿ. ಗಾಡಿ ಬಂದ ದಿಕ್ಕಿನಲ್ಲಿ ಐವತ್ತು ಹೆಜ್ಜೆ ಹಿಂದೆ ಹೋಗಿ, ಡ್ರೈವರ್‌ಗೆ ಕಂಡಂತೆ ಒಂದು. ಮೂವತ್ತು ಹೆಜ್ಜೆಯಲ್ಲಿ ಒಂದು, ಹತ್ತರಲ್ಲಿ ಒಂದು. ಹಾಗೇ ಸೈಕಲ್ ಬಂದ ದಿಕ್ಕಿನಿಂದ. ಆಮೇಲೆ ಮಧ್ಯದ ದೂರ: ಸೈಕಲ್, ಗಾಡಿ, ಕದಲದ ಒಂದು ಗುರುತು, ಮೂರೂ ಒಂದೇ ಚೌಕಟ್ಟಿನಲ್ಲಿ. ಮೈಲಿಗಲ್ಲು, ಕರೆಂಟ್ ಕಂಬ, ಮೋರಿಯ ಕಟ್ಟೆ, ತೋಟದ ಗೇಟ್, ಯಾವುದಾದರೂ ಸರಿ. ಕೊನೆಗೆ ಹತ್ತಿರದ ಫೋಟೊ, ಪಕ್ಕದಲ್ಲಿ ಪೆನ್ನು ಇಟ್ಟು. ಪೆನ್ನು ಇದ್ದರೆ ಗುರುತಿನ ಅಳತೆ ಗೊತ್ತಾಗುತ್ತದೆ.

ನೆಲದ ಮೇಲೆ ಹುಡುಕಬೇಕಾದದ್ದು ನಾಲ್ಕು. ಒಂದು, ಟೈರ್ ಉಜ್ಜಿದ ಗುರುತು. ಎರಡು, ಟಾರ್ ಕೆರೆದ ಗೀರು. ಪೆಡಲ್, ಹ್ಯಾಂಡಲ್ ತುದಿ ಟಾರ್‌ಗೆ ಒತ್ತಿ ಎಳೆದಾಗ ಇದು ಬೀಳುತ್ತದೆ. ಗೀರು ಶುರುವಾದ ಜಾಗ ಡಿಕ್ಕಿಯಾದ ಜಾಗಕ್ಕೆ ತೀರಾ ಹತ್ತಿರ ಇರುತ್ತದೆ. ಸೈಕಲ್ ಬಿದ್ದಿರುವ ಜಾಗವೇ ಡಿಕ್ಕಿಯ ಜಾಗ ಅಂದುಕೊಳ್ಳಬೇಡಿ, ಅದು ಮೀಟರ್‌ಗಟ್ಟಲೆ ಜಾರಿರುತ್ತದೆ. ಮೂರು, ಗಾಡಿಯ ಚೂರುಗಳು. ಕನ್ನಡಿ, ಇಂಡಿಕೇಟರ್ ಕವರಿನ ಒಳಮೈಯಲ್ಲಿ ಕಂಪನಿಯ ಗುರುತು ಅಥವಾ ನಂಬರ್ ಅಚ್ಚಾಗಿರುತ್ತದೆ. ಓಡಿಹೋದ ಗಾಡಿಯ ಮಾಡೆಲ್ ಹಿಡಿಯಲು ಅದೇ ದಾರಿ. ಫೋಟೊ ತೆಗೆಯದೆ ಎತ್ತಬೇಡಿ. ನಾಲ್ಕು, ಗಾಡಿ ಮತ್ತು ಸೈಕಲ್ ಒಂದಕ್ಕೊಂದು ಉಜ್ಜಿದ ಪೇಂಟ್.

ಅಳತೆ ತೆಗೆಯುವಾಗ ಗೀರಿನ ಶುರುವಿನಿಂದ ಎರಡು ಬೇರೆ ಬೇರೆ ಕದಲದ ಗುರುತುಗಳಿಗೆ ದೂರ ಅಳೆಯಿರಿ. ಒಂದೇ ಗುರುತಿನಿಂದ ಅಳೆದರೆ ಜಾಗ ಖಚಿತವಾಗುವುದಿಲ್ಲ. ಟಾರ್ ಅಗಲ, ಗೀರಿನಿಂದ ಎಡ ಅಂಚಿಗೆ ಎಷ್ಟು ಅಂತಲೂ ಬರೆದುಕೊಳ್ಳಿ. “ಸೈಕಲ್ ರಸ್ತೆ ಮಧ್ಯದಲ್ಲಿತ್ತು” ಅನ್ನುವ ಮಾತಿಗೆ ಉತ್ತರ ಸಿಗುವುದು ಈ ಅಳತೆಯಿಂದಲೇ.

“ತಿರುವಿನಲ್ಲಿ ಸೈಕಲ್ ಕಾಣಲೇ ಇಲ್ಲ ಸಾರ್” ಅಂತ ಡ್ರೈವರ್ ಹೇಳಿದರೆ ಅದು ನಿಜವೂ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ದೂರ ಕಾಣುತ್ತಿತ್ತು, ಅಷ್ಟರೊಳಗೆ ನಿಲ್ಲಿಸುವ ವೇಗದಲ್ಲಿ ಇದ್ದರಾ? ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 16-17 ಮೀಟರ್ ಹೋಗುತ್ತದೆ. ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಬೇಕು ಅಂತ ಹಿಡಿದರೆ, ಒದ್ದೆ ಟಾರ್ ಮೇಲೆ ಪೂರ್ತಿ ನಿಲ್ಲಲು ಸುಮಾರು 60 ಮೀಟರ್ ಬೇಕು. 30ರ ವೇಗದಲ್ಲಿ 20-22 ಮೀಟರ್ ಸಾಕು. ಅದಕ್ಕೇ ಆ ತಿರುವಿನಲ್ಲಿ ಎಷ್ಟು ದೂರದಿಂದ ಸೈಕಲ್ ಕಾಣುತ್ತದೆ ಅಂತ ಅಳೆದಿಡಿ. ಸೈಕಲ್ ಇದ್ದ ಜಾಗದಲ್ಲಿ ಒಬ್ಬರು ನಿಲ್ಲಲಿ, ಇನ್ನೊಬ್ಬರು ಅವರು ಮರೆಯಾಗುವವರೆಗೆ ಹಿಂದೆ ಹೋಗಲಿ. ಈ ಒಂದು ಕೆಲಸ ಮಾತ್ರ ಮರುದಿನ ಮಾಡಿದರೂ ನಡೆಯುತ್ತದೆ. ಆದರೆ ಬೇಲಿ, ಕಾಡು ಕಡಿಯುವ ಮೊದಲು ಮಾಡಿ.

## 4. ಆಸ್ಪತ್ರೆ: ಮೊದಲ ಸಾಲು ಸರಿಯಾಗಿ ಬರೆಸಿ

ಪೆಟ್ಟು ಸಣ್ಣದು ಅನ್ನಿಸಿದರೂ ಅದೇ ದಿನ ಹೋಗಿ. ಕೇಸ್‌ಶೀಟ್‌ನಲ್ಲಿ “ಹೇಗಾಯಿತು” ಅನ್ನುವ ಒಂದು ಸಾಲು ಇರುತ್ತದೆ. ಕೇಸು ಕೆಡುವುದು ಎಲ್ಲಕ್ಕಿಂತ ಜಾಸ್ತಿ ಈ ಸಾಲಿನಲ್ಲೇ. ನೋವಿನಲ್ಲಿ ಸವಾರ “ಸೈಕಲ್‌ನಿಂದ ಬಿದ್ದೆ” ಅನ್ನುತ್ತಾನೆ. ಕರೆದುಕೊಂಡು ಬಂದವನು ಡ್ರೈವರ್ ಆಗಿದ್ದರೆ ಅವನೂ ಅದನ್ನೇ ಹೇಳುತ್ತಾನೆ. ತಾನಾಗಿ ಬಿದ್ದ ಗಾಯ ಅಂತ ದಾಖಲಾಗುತ್ತದೆ. ಆಮೇಲೆ ವರ್ಷಗಟ್ಟಲೆ ಆ ಸಾಲಿನ ವಿರುದ್ಧ ವಾದ ಮಾಡಬೇಕು.

ಡಾಕ್ಟರ್‌ಗೆ ಹೀಗೆ ಹೇಳಿ: “ಹಿಂದಿನಿಂದ ಬಂದ ಪಿಕಪ್ ಸೈಕಲ್‌ಗೆ ಗುದ್ದಿತು, ಎಂಎಲ್‌ಸಿ ಮಾಡಿ.” ಎಂಎಲ್‌ಸಿ ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ದಾಖಲಿಸುವುದು. ಏನು ಬರೆದಿದ್ದಾರೆ ಅಂತ ಕೇಳಿ ಓದಿಸಿಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸಿದರೆ ಅಲ್ಲಿಯೂ ಅದೇ ಮಾತು, ಅದೇ ಕ್ರಮದಲ್ಲಿ ಹೇಳಿ. ಎರಡು ಆಸ್ಪತ್ರೆಯ ದಾಖಲೆಯಲ್ಲಿ ಎರಡು ಕಥೆ ಇರಬಾರದು.

ಮೂಳೆ ಮುರಿದರೆ ಅದು ಕಾನೂನಿನಲ್ಲಿ ತೀವ್ರ ಗಾಯ. ಮುರಿಯದಿದ್ದರೂ 15 ದಿನ ತೀವ್ರ ನೋವು ಇದ್ದರೆ ಅಥವಾ ಅಷ್ಟು ದಿನ ಮಾಮೂಲಿ ಕೆಲಸ ಮಾಡಲು ಆಗದಿದ್ದರೆ ಅದೂ ತೀವ್ರ ಗಾಯವೇ. ಹಾಗಾಗಿ ಎಕ್ಸ್‌ರೇ ಫಿಲ್ಮ್, ಮರುಭೇಟಿಯ ಚೀಟಿ, ರಜೆಯ ದಾಖಲೆ ಎಲ್ಲ ಇಟ್ಟುಕೊಳ್ಳಿ.

ದುಡ್ಡಿನ ಚಿಂತೆಯಿಂದ ಚಿಕಿತ್ಸೆ ತಡ ಮಾಡಬೇಡಿ. 2025ರಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಸೈಕಲ್ ಸವಾರರಿಗೂ ಇದು ಅನ್ವಯಿಸುತ್ತದೆ. ಆಸ್ಪತ್ರೆಗೆ ಸೇರಿಸುವಾಗಲೇ ಈ ಯೋಜನೆ ಕೇಳಿ.

## 5. ದೂರು: ಕಂಡದ್ದು ಬರೆಯಿರಿ, ಊಹೆ ಬೇಡ

ಅದೇ ದಿನ, ತಪ್ಪಿದರೆ ಮರುದಿನ ಬೆಳಿಗ್ಗೆ. ಸವಾರನಿಗೆ ಆಗದಿದ್ದರೆ ಮನೆಯವರು ಅಥವಾ ಕಣ್ಣಾರೆ ಕಂಡವರು ಕೊಡಬಹುದು. ಮನೆಯಲ್ಲೇ ಬರೆದುಕೊಂಡು ಹೋಗಿ. ಠಾಣೆಯಲ್ಲಿ ಬೇರೆಯವರು ಬರೆದರೆ ಪೂರ್ತಿ ಓದದೆ ಸಹಿ ಹಾಕಬೇಡಿ. ಒಳ್ಳೆಯ ದೂರಿನ ನಡು ಭಾಗ ಹೀಗಿರುತ್ತದೆ:

“ಸಂಜೆ ಸುಮಾರು 5-40ಕ್ಕೆ ಗುಡ್ಡೆಹೊಸೂರು ಕಡೆಯಿಂದ ಸುಂಟಿಕೊಪ್ಪ ಕಡೆಗೆ, ರಸ್ತೆಯ ಎಡಬದಿಯಲ್ಲಿ ಟಾರ್ ಅಂಚಿನಿಂದ ಸುಮಾರು ಎರಡೂವರೆ ಅಡಿ ಒಳಗೆ ಸೈಕಲ್‌ನಲ್ಲಿ ನೇರವಾಗಿ ಹೋಗುತ್ತಿದ್ದೆ. ಹಿಂದಿನ ಕೆಂಪು ಲೈಟ್ ಉರಿಯುತ್ತಿತ್ತು. ಆನೆಕಾಡು ಹತ್ತಿರ ಹಿಂದಿನಿಂದ ಬಂದ ಬಿಳಿ ಪಿಕಪ್ ನನ್ನನ್ನು ಹಿಂದಿಕ್ಕುವಾಗ ಅದರ ಎಡ ಕನ್ನಡಿ ನನ್ನ ಹ್ಯಾಂಡಲ್‌ನ ಬಲತುದಿಗೆ ಬಡಿಯಿತು. ಆಗ ಎದುರಿನಿಂದ ಬಸ್ ಬರುತ್ತಿತ್ತು. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಂಡಿತು. ವೇಗ ಎಷ್ಟಿತ್ತು ಎಂದು ಹೇಳಲು ನನಗೆ ಆಗುವುದಿಲ್ಲ.”

ಕೊನೆಯ ವಾಕ್ಯ ನೋಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದರೆ ಉಳಿದ ಮಾತಿಗೆ ತೂಕ ಬರುತ್ತದೆ. “ನೂರರ ಮೇಲೆ ಬಂದ, ಕುಡಿದಿದ್ದ” ಅಂತ ಸುಮ್ನೆ ಸೇರಿಸಿದರೆ, ಅದು ಸುಳ್ಳಾದ ದಿನ ನಿಜವೂ ಬಿದ್ದುಹೋಗುತ್ತದೆ. ತನಿಖೆ ನ್ಯಾಯವಾಗಿರಬೇಕು ಅಂದರೆ ಡ್ರೈವರ್‌ಗೂ ನ್ಯಾಯವಾಗಿರಬೇಕು.

ಕುಡಿದಿರುವ ಅನುಮಾನ ನಿಜವಾಗಿಯೂ ಇದ್ದರೆ, ಅನುಮಾನ ಅಂತಲೇ ಬರೆದು, ಉಸಿರು ಮತ್ತು ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಗಂಟೆ ಕಳೆದ ಹಾಗೆ ಅದು ಇಳಿಯುತ್ತದೆ, ಮರುದಿನ ಕೇಳಿ ಪ್ರಯೋಜನ ಇಲ್ಲ.

2024ರ ಜುಲೈ 1ರಿಂದ ಐಪಿಸಿ ಮುಂತಾದ ಹಳೆಯ ಕಾನೂನುಗಳ ಬದಲಿಗೆ ಹೊಸ ಸಂಹಿತೆಗಳು ಬಂದಿವೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಗಾಯಕ್ಕೆ 125(ಎ), ತೀವ್ರ ಗಾಯಕ್ಕೆ 125(ಬಿ), ಸಾವಿಗೆ 106(1). ಎಲ್ಲವೂ ಪೊಲೀಸರು ಎಫ್‌ಐಆರ್ ಹಾಕಬೇಕಾದ ಅಪರಾಧಗಳೇ. “ನಮ್ಮ ಹದ್ದಿಗೆ ಬರಲ್ಲ” ಅಂದರೆ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ ಸರಿಯಾದ ಠಾಣೆಗೆ ಕಳಿಸುವುದು) ಹಾಕಿ ಅಂತ ಕೇಳಿ. ಅದು ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಇಮೇಲ್ ಅಥವಾ ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ದೂರು ತೆಗೆದುಕೊಳ್ಳದಿದ್ದರೆ ಜಗಳ ಬೇಡ. ದೂರನ್ನು ಮಡಿಕೇರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ವೀಕೃತಿ ಸಮೇತ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಠಾಣೆಯಲ್ಲಿ ಬರೀ ಹಿಂಬರಹ (ದೂರು ಬಂದಿದೆ ಅನ್ನುವ ಚೀಟಿ) ಕೊಟ್ಟು ಕಳಿಸಿದರೆ ಅದನ್ನು ಎಫ್‌ಐಆರ್ ಅಂದುಕೊಂಡು ಮನೆಗೆ ಬರಬೇಡಿ. ಎಫ್‌ಐಆರ್‌ಗೆ ಅಪರಾಧ ಸಂಖ್ಯೆ ಇರುತ್ತದೆ, ಕಲಂಗಳು ಇರುತ್ತವೆ.

## 6. ಸೈಕಲ್, ಬಟ್ಟೆ, ಫೋನ್: ಯಾವುದನ್ನೂ ಮುಟ್ಟಬೇಡಿ

ಸೈಕಲ್ ರಿಪೇರಿಗೆ ಕೊಡಬೇಡಿ, ತೊಳೆಯಬೇಡಿ. ಹಿಂದಿನ ಚಕ್ರ ಬಗ್ಗಿದ್ದರೆ ಹಿಂದಿನಿಂದ ಬಿದ್ದ ಪೆಟ್ಟು, ಹ್ಯಾಂಡಲ್‌ನ ಬಲತುದಿ ತರಚಿದ್ದರೆ ಹಿಂದಿಕ್ಕುವಾಗ ತಾಗಿದ್ದು. ಗಾಡಿಯಲ್ಲಿ ಅದೇ ಎತ್ತರದಲ್ಲಿ ಗುರುತು ಇರಬೇಕು. ಎರಡೂ ಎತ್ತರ ಅಳೆದು ಹೊಂದಿಸಿ ನೋಡಿದರೆ ಸವಾರ ಅಡ್ಡ ಬಂದನಾ, ನೇರ ಹೋಗುತ್ತಿದ್ದನಾ ಅನ್ನುವುದು ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ. ಪೊಲೀಸರು ಬರುವವರೆಗೆ ಮಳೆ ತಾಗದಂತೆ ಮುಚ್ಚಿಡಿ, ಲೈಟಿನ ಸ್ವಿಚ್ ಮುಟ್ಟಬೇಡಿ.

ಬಟ್ಟೆ, ಹೆಲ್ಮೆಟ್ ನೆರಳಲ್ಲಿ ಒಣಗಿಸಿ, ನ್ಯೂಸ್‌ಪೇಪರಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ನಮ್ಮ ಥಂಡಿಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳಿಸಿದರೆ ಅವು ಕುಗ್ಗುತ್ತವೆ, ತೆಗೆದ ಸಮಯದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೋನಿನಿಂದ ಅಳಿಸಬೇಡಿ. ಕೋರ್ಟಿನಲ್ಲಿ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ (ಆ ಫೋಟೊ ಯಾವ ಫೋನಿನದು, ಹೇಗೆ ತೆಗೆದದ್ದು ಅನ್ನುವ ದೃಢೀಕರಣ) ಬೇಕು. ಸವಾರಿ ದಾಖಲಿಸುವ ಆ್ಯಪ್ ಇದ್ದರೆ ಆ ದಿನದ ಫೈಲ್ ಬೇರೆ ಕಡೆ ಉಳಿಸಿ. ಯಾವ ವೇಗ, ಯಾವ ಕ್ಷಣದಲ್ಲಿ ನಿಂತಿತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ.

## 7. ಕ್ಯಾಮೆರಾ ಮತ್ತು ಗೇಟುಗಳು

ಸಿಸಿ ಕ್ಯಾಮೆರಾದ ಡಿಸ್ಕ್ ತುಂಬಿದ ಹಾಗೆ ಹಳೆಯ ದೃಶ್ಯ ಅಳಿಸಿಹೋಗುತ್ತದೆ. ಕೆಲವು ಕಡೆ ಒಂದೇ ವಾರ. ಪೆಟ್ರೋಲ್ ಬಂಕ್, ಹೋಂಸ್ಟೇ, ತೋಟದ ಗೇಟ್, ಕಾಫಿ ಗೋಡೌನ್, ಇವರಲ್ಲಿ ಅದೇ ದಿನ ಹೋಗಿ “ಪ್ರತಿ ಕೊಡದಿದ್ದರೂ ಪರವಾಗಿಲ್ಲ, ಅಳಿಸಬೇಡಿ” ಅಂತ ಕೇಳಿಕೊಳ್ಳಿ. ಯಾವ ಕ್ಯಾಮೆರಾ, ಯಾವ ಸಮಯ ಅಂತ ತನಿಖಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕ್ಯಾಮೆರಾದ ಗಡಿಯಾರ ಸರಿ ಇರುವುದು ಅಪರೂಪ. ಅದರ ಪರದೆಯ ಪಕ್ಕ ನಿಮ್ಮ ಫೋನಿನ ಸಮಯ ಹಿಡಿದು ಒಂದು ಫೋಟೊ ತೆಗೆಯಿರಿ, ವ್ಯತ್ಯಾಸ ಎಷ್ಟು ಅಂತ ತಿಳಿಯುತ್ತದೆ.

ಗುದ್ದಿ ಓಡಿಹೋದ ಗಾಡಿ ಹಿಡಿಯಲು ಕೊಡಗಿನಲ್ಲಿ ಒಂದು ಅನುಕೂಲ ಇದೆ: ಹೊರಗೆ ಹೋಗುವ ದೊಡ್ಡ ದಾರಿಗಳು ಕೈಬೆರಳಲ್ಲಿ ಎಣಿಸುವಷ್ಟೇ. ಮೈಸೂರು ಕಡೆಗೆ ಕುಶಾಲನಗರದ ಕಾವೇರಿ ಸೇತುವೆ ಮತ್ತು ಆನೆಚೌಕೂರು, ಮಂಗಳೂರು ಕಡೆಗೆ ಸಂಪಾಜೆ, ಕಣ್ಣೂರಿಗೆ ಮಾಕುಟ್ಟ, ವಯನಾಡಿಗೆ ಕುಟ್ಟ, ಕಾಸರಗೋಡಿಗೆ ಕರಿಕೆ, ಹಾಸನ ಕಡೆಗೆ ಶನಿವಾರಸಂತೆ, ಕೊಡ್ಲಿಪೇಟೆ. ಡಿಕ್ಕಿಯಾದ ಜಾಗದಿಂದ ಅಲ್ಲಿಗೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ, ಆ ದಾರಿಯ ಗೇಟಿನ (ಚೆಕ್‌ಪೋಸ್ಟಿನ) ಕ್ಯಾಮೆರಾದಲ್ಲಿ ಆ ಅರ್ಧ ಗಂಟೆಯ ದೃಶ್ಯ ನೋಡಿ ಅಂತ ಲಿಖಿತವಾಗಿ ಕೇಳಿ. “ಎಲ್ಲ ಕ್ಯಾಮೆರಾ ನೋಡಿ” ಅಂದರೆ ಯಾರೂ ನೋಡುವುದಿಲ್ಲ.

## 8. ಮಹಜರು, ನಕ್ಷೆ, ಐಎಂವಿ ವರದಿ

ಸ್ಥಳ ಮಹಜರಿಗೆ (ಪಂಚರು, ಅಂದರೆ ಹೊರಗಿನ ಸಾಕ್ಷಿಗಳ ಎದುರು ಪೊಲೀಸರು ಜಾಗ ನೋಡಿ ಬರೆಯುವ ದಾಖಲೆ) ನಿಮ್ಮ ಕಡೆಯಿಂದ ಒಬ್ಬರು ಹೋಗಿ. ಮಹಜರು ರಸ್ತೆಯಲ್ಲೇ ಆಗಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತನಿಖಾಧಿಕಾರಿ ಜಾಗ ನೋಡಿ, ಫೋಟೊ ತೆಗೆದು, ಅಳತೆಗೆ ತಕ್ಕ ನಕ್ಷೆ ಮಾಡಬೇಕು. ನಕ್ಷೆಯಲ್ಲಿ ರಸ್ತೆಯ ಅಗಲ, ಡಿಕ್ಕಿಯ ಜಾಗ, ಎಡ ಅಂಚಿಗೆ ಇರುವ ದೂರ ಇದೆಯಾ ನೋಡಿ. ನೀವು ಅಳೆದದ್ದಕ್ಕೂ ಅದಕ್ಕೂ ತಾಳೆ ಆಗದಿದ್ದರೆ ಅಲ್ಲೇ ಹೇಳಿ, ಮರುದಿನ ಬರೆದು ಕೊಡಿ.

ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷೆ ಮಾಡಿ ಕೊಡುವುದೇ ಐಎಂವಿ ವರದಿ. ಬ್ರೇಕ್ ಸರಿ ಇತ್ತಾ ಅನ್ನುವುದರ ಜೊತೆಗೆ ಹೊಸ ಜಖಂ ಎಲ್ಲಿದೆ ಅಂತಲೂ ಅದರಲ್ಲಿ ಬರಬೇಕು. ಪರೀಕ್ಷೆಗೆ ಮೊದಲೇ ಕನ್ನಡಿ ಬದಲಾಗಿದ್ದರೆ, ಬಂಪರ್ ಪಾಲಿಶ್ ಆಗಿದ್ದರೆ ನೀವು ಮೊದಲ ದಿನ ತೆಗೆದ ಫೋಟೊ ಕೊಡಿ. ಸೈಕಲ್‌ನ ಪರೀಕ್ಷೆಯನ್ನೂ ಕೇಳಿ, ಬಹಳ ಸಲ ಅದನ್ನು ಯಾರೂ ನೋಡುವುದೇ ಇಲ್ಲ.

ಎಚ್ಚರಿಕೆಯ ಲಕ್ಷಣಗಳು ಇವು: ಎಫ್‌ಐಆರ್‌ನಲ್ಲಿ ಇರುವ ಡ್ರೈವರ್ ನೀವು ಕಂಡವರಲ್ಲ. ಪಂಚರು ಆ ಊರಿನವರೇ ಅಲ್ಲ. ಸಾಕ್ಷಿಗಳಿಗೆ ಎರಡು ವಾರವಾದರೂ ಫೋನ್ ಬಂದಿಲ್ಲ. ಮೂಳೆ ಮುರಿದಿದ್ದರೂ 125(ಎ) ಮಾತ್ರ ಇದೆ. “ರಾಜಿ ಮಾಡಿಕೊಳ್ಳಿ, ಸೈಕಲ್ ರಿಪೇರಿ ದುಡ್ಡು ಕೊಡಿಸ್ತೀವಿ” ಅಂತ ಖಾಲಿ ಹಾಳೆಗೆ ಸಹಿ ಕೇಳುತ್ತಾರೆ. ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ದಿನಗಳ ಮೇಲೂ ಕಾಣಿಸಬಹುದು, ಅವಸರದ ರಾಜಿಗೆ ಒಪ್ಪಲೇಬೇಡಿ.

## 9. ಕ್ಯಾಲೆಂಡರಿನಲ್ಲಿ ಬರೆದಿಡಬೇಕಾದ ದಿನಗಳು

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಕ್ಲೇಮು ನ್ಯಾಯಮಂಡಳಿಗೆ (ಅಪಘಾತದ ಪರಿಹಾರ ತೀರ್ಮಾನಿಸುವ ಕಡೆ) ಕೊಡಬೇಕು. 10 ದಿನದೊಳಗೆ ನಿಮ್ಮ ಹಕ್ಕುಗಳನ್ನು ತಿಳಿಸುವ ಎರಡನೇ ನಮೂನೆ ನಿಮ್ಮ ಕೈಗೆ ಬರಬೇಕು. 50 ದಿನಕ್ಕೆ ಮಧ್ಯಂತರ ವರದಿ. 60 ದಿನದೊಳಗೆ ನೀವು ಆರನೇ ನಮೂನೆ ತುಂಬಿ ಕೊಡಬೇಕು, ಇದು ನಿಮ್ಮ ಕೆಲಸ, ಮರೆಯಬೇಡಿ. 90 ದಿನಕ್ಕೆ ವಿವರವಾದ ವರದಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸುವುದೂ ಪೊಲೀಸರ ಕರ್ತವ್ಯ. ನಾನು ಹೇಳುವುದು ಇಷ್ಟೇ: ಈ ನಮೂನೆಗಳ ಹೆಸರು ಹಿಡಿದು ಕೇಳಿ. “ಕೇಸು ಏನಾಯ್ತು ಸಾರ್” ಅಂದರೆ “ನಡೀತಿದೆ” ಅನ್ನುವ ಉತ್ತರ ಬರುತ್ತದೆ. “ಮಧ್ಯಂತರ ವರದಿಯ ಪ್ರತಿ ಕೊಡಿ” ಅಂದರೆ ಫೈಲ್ ತೆಗೆಯಲೇಬೇಕು.

ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಅಪಘಾತವಾದ ದಿನದಿಂದ 6 ತಿಂಗಳ ಮಿತಿ ಬರೆದಿದೆ. ಕ್ರಿಮಿನಲ್ ಕೇಸು ಮುಗಿಯಲಿ ಅಂತ ಕಾಯಬೇಡಿ, ಎರಡೂ ಬೇರೆ ಬೇರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

## 10. ಬಿ ರಿಪೋರ್ಟ್, ಸಿ ರಿಪೋರ್ಟ್ ಬಂದರೆ

ಬಿ ರಿಪೋರ್ಟ್ ಅಂದರೆ ಅಪರಾಧ ನಡೆದಿಲ್ಲ ಅಥವಾ ಆಧಾರ ಇಲ್ಲ ಅಂತ ಪೊಲೀಸರು ಮುಗಿಸಿದ್ದು. ಕೋರ್ಟಿನಿಂದ ನೋಟಿಸ್ ಬಂದಾಗ ಸುಮ್ಮನಿದ್ದರೆ ಅಲ್ಲಿಗೇ ಮುಗಿಯಿತು. ತಕರಾರು ಅರ್ಜಿ ಹಾಕಿ. ಯಾವ ಸಾಕ್ಷಿಯನ್ನು ಕೇಳಿಲ್ಲ, ಯಾವ ಕ್ಯಾಮೆರಾ ನೋಡಿಲ್ಲ, ಯಾವ ಅಳತೆ ನಕ್ಷೆಯಲ್ಲಿ ಇಲ್ಲ ಅಂತ ಒಂದೊಂದಾಗಿ ತೋರಿಸಿ. ನೀವು ಸ್ವೀಕೃತಿ ಇಟ್ಟುಕೊಂಡ ಪತ್ರಗಳು ಕೆಲಸಕ್ಕೆ ಬರುವುದು ಇಲ್ಲಿ.

ಸಿ ರಿಪೋರ್ಟ್ ಅಂದರೆ ಗಾಡಿ ಪತ್ತೆಯಾಗಲಿಲ್ಲ ಅಂತ. ಆಗಲೂ ದಾರಿ ಇದೆ. ಗುದ್ದಿ ಪರಾರಿಯಾದ ಪ್ರಕರಣಗಳಿಗೆ 2022ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಇದೆ. ಅರ್ಜಿಯನ್ನು ಅಪಘಾತವಾದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಕೊಡಿ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಚಿಕಿತ್ಸೆಯ ಬಿಲ್ಲು ಜೊತೆಗಿಡಿ. ಗಾಡಿ ಆಮೇಲೆ ಸಿಕ್ಕಿ ಅದರ ವಿಮೆಯಿಂದ ಪರಿಹಾರ ಬಂದರೆ ಈ ಮೊತ್ತ ಅದರಲ್ಲಿ ಕಳೆಯುತ್ತದೆ, ಹಾಗಾಗಿ ಇದನ್ನು ತೆಗೆದುಕೊಂಡರೆ ದೊಡ್ಡ ಪರಿಹಾರ ತಪ್ಪುತ್ತದೆ ಅಂತ ಹೆದರಿ ಅರ್ಜಿ ಹಾಕದೆ ಇರಬೇಡಿ.